ಪರದೇಶದ ಮುಪ್ಪು: ವೀಸಾದ ಲೆಕ್ಕ, ವ್ರತದ ಲೆಕ್ಕ

ಗೃಹಸ್ಥನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಹಣ, ಧಾನ್ಯ, ಬಟ್ಟೆ, ಪಾತ್ರೆ ಇವುಗಳಲ್ಲಿ ಇಷ್ಟಕ್ಕಿಂತ ಹೆಚ್ಚನ್ನು ನನ್ನದೆಂದು ಇಟ್ಟುಕೊಳ್ಳಲಾರೆನೆಂದು ಶ್ರಾವಕನು ತನಗೆ ತಾನೇ ಒಂದು ಗೆರೆಯನ್ನು ಎಳೆದುಕೊಳ್ಳುತ್ತಾನೆ. ಆ ಗೆರೆ ಮೇಲ್ಮಿತಿ. ಕೆಳಗೆ ಎಷ್ಟಿರಬೇಕೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಏನೂ ಇಲ್ಲದವನೂ ಶ್ರಾವಕನಾಗಬಲ್ಲ. ಈಚಿನ ದಶಕಗಳಲ್ಲಿ ಕೆಲವು ರಾಷ್ಟ್ರಗಳು ಹೊರಗಿನಿಂದ ಬರುವ ವೃದ್ಧರಿಗಾಗಿ ಇದಕ್ಕೆ ತದ್ವಿರುದ್ಧವಾದ ಗೆರೆಯೊಂದನ್ನು ಎಳೆದಿವೆ. ನಿಮ್ಮ ಮುಪ್ಪನ್ನು ನಮ್ಮ ನೆಲದಲ್ಲಿ ಕಳೆಯಬಹುದು, ಆದರೆ ನಿಮ್ಮ ಬಳಿ ಇಷ್ಟಕ್ಕಿಂತ ಕಡಿಮೆ ಇರಕೂಡದು ಎಂಬುದು ಅವುಗಳ ಕರಾರು. ಇದನ್ನೇ ನಿವೃತ್ತಿ ವೀಸಾ ಎನ್ನುತ್ತಾರೆ. ಮೇಲ್ಮಿತಿಯ ವ್ರತಕ್ಕೂ ಕೆಳಮಿತಿಯ ಕಾನೂನಿಗೂ ನಡುವೆ ಸಿಲುಕಿದ ಮನುಷ್ಯನ ಸ್ಥಿತಿಯೇನು ಎಂಬುದು ಈ ವಾರದ ವಿಚಾರ.

ಥಾಯ್ಲೆಂಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಏಕೆಂದರೆ ಈ ಏರ್ಪಾಡು ಅಲ್ಲಿ ಹಳೆಯದು, ನಿಯಮಗಳು ಸ್ಪಷ್ಟವಾದವು, ಮತ್ತು ಅವುಗಳಿಗೆ ಒಳಪಟ್ಟು ಬಾಳುತ್ತಿರುವ ವಿದೇಶೀ ವೃದ್ಧರು ಬಹುಸಂಖ್ಯೆಯಲ್ಲಿದ್ದಾರೆ. ಚಿಯಾಂಗ್ ಮಾಯ್, ಹುವಾ ಹಿನ್, ಪಟ್ಟಾಯ ಮುಂತಾದ ಊರುಗಳಲ್ಲಿ ಬ್ರಿಟನ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾ ದೇಶಗಳಿಂದ ಬಂದ ಪಿಂಚಣಿದಾರರು ನೆಲೆಸಿದ್ದಾರೆ. ವಯಸ್ಸು 50 ತುಂಬಿರಬೇಕು. ಅರ್ಜಿದಾರನ ಹೆಸರಿನಲ್ಲಿ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು. ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯವಿರಬೇಕು. ಅಥವಾ ಠೇವಣಿ ಮತ್ತು ವರ್ಷದ ಆದಾಯ ಸೇರಿ 8 ಲಕ್ಷವಾಗಬೇಕು. ಒಂದು ಬಾರಿ ಅನುಮತಿ ಸಿಕ್ಕರೆ ಮುಗಿಯಿತೆಂದಲ್ಲ. ವರ್ಷ ವರ್ಷವೂ 1,900 ಬಾತ್ ಶುಲ್ಕ ತೆತ್ತು ಅವಧಿಯನ್ನು ವಿಸ್ತರಿಸಿಕೊಳ್ಳಬೇಕು. 90 ದಿನಗಳಿಗೊಮ್ಮೆ ತಾನಿರುವ ವಿಳಾಸವನ್ನು ವಲಸೆ ಕಚೇರಿಗೆ ತಿಳಿಸಬೇಕು. ಕೂಲಿ, ನೌಕರಿ ಯಾವುದನ್ನೂ ಮಾಡಕೂಡದು. ನಮ್ಮ ನಾಣ್ಯದಲ್ಲಿ ಹೇಳುವುದಾದರೆ 8 ಲಕ್ಷ ಬಾತ್ ಎಂದರೆ ಇಂದಿನ ದರದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮಿಗಿಲು; 65,000 ಬಾತ್ ಎಂದರೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಸರ್ಕಾರಿ ಶಾಲೆಯ ಮೇಷ್ಟರ ಪಿಂಚಣಿಗೆ ಎಟುಕುವ ಮಾತಲ್ಲ ಇದು. ಆದುದರಿಂದ ನಿರ್ಲಿಪ್ತನಾಗಿ ವಿಚಾರಿಸುವ ಸೌಲಭ್ಯ ನನಗೆ ಸಹಜವಾಗಿಯೇ ಒದಗಿದೆ.

2019 ಈ ವ್ಯವಸ್ಥೆಯ ಮಟ್ಟಿಗೆ ತಿರುವಿನ ವರ್ಷ. ಅದುವರೆಗೆ ಆದಾಯವನ್ನು ರುಜುವಾತುಪಡಿಸಲು ಹೆಚ್ಚಿನವರು ತಮ್ಮ ತಮ್ಮ ದೇಶದ ರಾಯಭಾರ ಕಚೇರಿಯಿಂದ ಒಂದು ಪತ್ರವನ್ನು ತರುತ್ತಿದ್ದರು. ಅಮೆರಿಕದವರ ವಿಷಯದಲ್ಲಿ ಅದು ಪಿಂಚಣಿದಾರನೇ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ; ಕಚೇರಿ ಸಹಿಗೆ ಮಾತ್ರ ಸಾಕ್ಷಿ, ಬರೆದ ಮೊತ್ತಕ್ಕಲ್ಲ. ಈ ಆದಾಯ ನಿಜವೆಂದು ನೀವೇ ಖಾತರಿ ಕೊಡಿ ಎಂದು ಥಾಯ್ ಅಧಿಕಾರಿಗಳು ಕೇಳಿದಾಗ, ಅದು ನಮ್ಮಿಂದಾಗದೆಂದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ದೇಶಗಳ ರಾಯಭಾರ ಕಚೇರಿಗಳು 2018ರ ಕೊನೆಯ ಹೊತ್ತಿಗೆ ಆ ಪತ್ರಗಳನ್ನು ಕೊಡುವುದನ್ನೇ ನಿಲ್ಲಿಸಿದವು. ಅಂದಿನಿಂದ ಅವರ ಪ್ರಜೆಗಳು ಹೊರದೇಶದಿಂದ ಪ್ರತಿ ತಿಂಗಳೂ 65,000 ಬಾತ್ ಥಾಯ್ ಖಾತೆಗೆ ಬಂದುದನ್ನು ಬ್ಯಾಂಕಿನ ದಾಖಲೆಯಿಂದಲೇ ತೋರಿಸಬೇಕಾಯಿತು.

ಅದೇ ವರ್ಷ ಠೇವಣಿಯ ನಿಯಮವೂ ಬಿಗಿಯಾಯಿತು. ಅರ್ಜಿಗೆ ಎರಡು ತಿಂಗಳು ಮೊದಲೇ 8 ಲಕ್ಷ ಖಾತೆಯಲ್ಲಿರಬೇಕು. ಅನುಮತಿ ದೊರೆತ ಮೇಲೆ ಮೂರು ತಿಂಗಳು ಅದನ್ನು ಮುಟ್ಟಕೂಡದು. ವರ್ಷದ ಉಳಿದ ಅವಧಿಯಲ್ಲಿಯೂ 4 ಲಕ್ಷಕ್ಕಿಂತ ಕೆಳಗೆ ಇಳಿಯಕೂಡದು. ಅಂದರೆ 4 ಲಕ್ಷ ಬಾತ್ ಎಂಬುದು ಎಂದೆಂದಿಗೂ ಕದಲದ ಹಣ. ಅದು ಖಾತೆಯಲ್ಲಿ ಅವನ ಹೆಸರಿನಲ್ಲಿದೆ. ಅವನಿಗೆ ಜ್ವರ ಬಂದಾಗ ಅದು ಔಷಧಿಗೆ ಒದಗದು, ಮನೆಯ ಸೂರು ಸೋರಿದಾಗ ಹಂಚಿಗೆ ಒದಗದು. ತೆಗೆದರೆ ಹಣ ಕೈಗೆ ಬರುತ್ತದೆ, ಮುಂದಿನ ವರ್ಷದ ಅನುಮತಿ ಹೋಗುತ್ತದೆ.

ಇಂಥ ನಿಯಮವನ್ನು ಸುಮ್ಮನೆ ಮಾಡಲಿಲ್ಲ. ಅದಕ್ಕೆ ಹಿನ್ನೆಲೆಯಾಗಿ ಒಂದು ವ್ಯವಹಾರ ಬೆಳೆದಿತ್ತು. ಹಣವಿಲ್ಲದ ವೃದ್ಧನಿಗಾಗಿ ಮಧ್ಯವರ್ತಿಯೊಬ್ಬನು ತನ್ನ ಹಣವನ್ನು ಕೆಲವು ದಿನಗಳ ಮಟ್ಟಿಗೆ ಅವನ ಖಾತೆಗೆ ಹಾಕುತ್ತಾನೆ, ಬ್ಯಾಂಕಿನ ಪತ್ರ ಸಿದ್ಧವಾಗುತ್ತದೆ, ಮುದ್ರೆ ಬೀಳುತ್ತದೆ, ಹಣ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಮಧ್ಯವರ್ತಿಗೆ ಶುಲ್ಕ, ವೃದ್ಧನಿಗೆ ಒಂದು ವರ್ಷದ ನೆಮ್ಮದಿ. ನಿಯಮ ಬಿಗಿಯಾದ ಮೇಲೂ ಈ ದಂಧೆ ಅಳಿಯಲಿಲ್ಲ. ಇದರಲ್ಲಿ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ಯಾರ ಹಣವೂ ಕಳವಾಗಲಿಲ್ಲ, ಯಾರ ಜೀವಕ್ಕೂ ನೋವಾಗಲಿಲ್ಲ, ಕಾಗದದ ಮೇಲೆ ಒಂದು ಸಂಖ್ಯೆ ಬಂದು ಹೋಯಿತು, ಅಷ್ಟೇ ಅಲ್ಲವೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು: ಸುಳ್ಳು ಬರಹ, ಸುಳ್ಳು ಪತ್ರ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು: ರಾಜ್ಯದ ಕಟ್ಟಳೆಯನ್ನು ಮೀರಿ ನಡೆಯುವುದು. ಗಮನಿಸಬೇಕಾದ ಸಂಗತಿಯೆಂದರೆ ಎರಡನೆಯದನ್ನು ಅವರು ಕಳವಿನ ಸಾಲಿನಲ್ಲಿ ಇಟ್ಟಿರುವುದು. ಕಟ್ಟಳೆಯನ್ನು ತಪ್ಪಿಸಿ ಪಡೆದುದು, ನ್ಯಾಯವಾಗಿ ತನಗೆ ಕೊಡದಿದ್ದುದನ್ನು ಎತ್ತಿಕೊಂಡಂತೆಯೇ. ಎರವಲು ಠೇವಣಿಯ ಬ್ಯಾಂಕ್ ಪತ್ರದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲದಿರಬಹುದು. ಆ ದಿನ ಖಾತೆಯಲ್ಲಿ ಅಷ್ಟು ಹಣ ಇದ್ದುದು ನಿಜವೇ. ಆದರೂ ಅದು ಕೂಟಲೇಖವೇ ಎಂದು ನಾನು ತಿಳಿಯುತ್ತೇನೆ. ಪತ್ರ ಹೇಳುವ ಮಾತು ಇಷ್ಟು ಹಣವಿತ್ತು ಎಂದು. ಪತ್ರವನ್ನು ಒಪ್ಪಿಸುವವನು ಹೇಳುವ ಮಾತು ಈ ಹಣ ನನ್ನದು ಎಂದು. ಎರಡನೆಯ ಮಾತು ಸುಳ್ಳು, ಅದನ್ನು ನಂಬಿಸುವುದಕ್ಕಾಗಿಯೇ ಮೊದಲನೆಯದನ್ನು ಸಿದ್ಧಪಡಿಸಲಾಗಿದೆ.

ಹೀಗೆಂದ ಮಾತ್ರಕ್ಕೆ ಆ ವೃದ್ಧರನ್ನು ವಂಚಕರ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಕ್ರೌರ್ಯವಾದೀತು. ಅವರಲ್ಲಿ ಅನೇಕರು ಪ್ರಾಮಾಣಿಕವಾಗಿ ಲೆಕ್ಕ ಹಾಕಿಯೇ ಬಂದವರು. ಲೆಕ್ಕದ ಅಡಿಯಲ್ಲಿದ್ದ ನೆಲ ಸರಿಯಿತು. ಬ್ರಿಟನ್ನಿನ ಪಿಂಚಣಿದಾರನನ್ನು ನೋಡಿ. 2016ರ ಜೂನ್‌ನಲ್ಲಿ ಯುರೋಪಿನ ಒಕ್ಕೂಟವನ್ನು ತೊರೆಯುವ ಜನಮತ ಬರುವ ಮುನ್ನ ಒಂದು ಪೌಂಡಿಗೆ ಹೆಚ್ಚುಕಡಿಮೆ 50 ಬಾತ್ ದೊರೆಯುತ್ತಿತ್ತು. 65,000 ಬಾತ್‌ಗೆ 1,300 ಪೌಂಡ್ ಸಾಕಾಗುತ್ತಿತ್ತು. 2019ರ ಹೊತ್ತಿಗೆ ಪೌಂಡು 40 ಬಾತ್‌ನ ಆಸುಪಾಸಿಗೆ ಇಳಿಯಿತು. ಅದೇ 65,000ಕ್ಕೆ ಈಗ 1,600 ಪೌಂಡಿಗೂ ಹೆಚ್ಚು ಬೇಕು. ಅವನು ಒಂದು ಪೆನ್ನಿಯನ್ನೂ ವ್ಯರ್ಥ ಮಾಡಲಿಲ್ಲ, ಆದರೂ ಬಡವನಾದ. ಇದಕ್ಕೆ ಮೇಲಾಗಿ ಬ್ರಿಟನ್ ಸರ್ಕಾರ ತನ್ನ ನಾಡಿನಲ್ಲಿರುವವರ ಪಿಂಚಣಿಯನ್ನು ವರ್ಷವರ್ಷವೂ ಏರಿಸುತ್ತದೆ, ಥಾಯ್ಲೆಂಡಿನಂಥ ಹಲವು ದೇಶಗಳಲ್ಲಿ ನೆಲೆಸಿದವರಿಗೆ ಏರಿಸುವುದಿಲ್ಲ. ಹೋದ ವರ್ಷ ಎಷ್ಟಿತ್ತೋ ಸಾಯುವವರೆಗೂ ಅಷ್ಟೇ. ಹೆಪ್ಪುಗಟ್ಟಿದ ಪಿಂಚಣಿ ಎಂದು ಅವರು ಅದನ್ನು ಕರೆಯುತ್ತಾರೆ. ಭಾರತದಲ್ಲಿ ನೆಲೆಸಿದ ಬ್ರಿಟಿಷ್ ಪಿಂಚಣಿದಾರರಿಗೂ ಇದೇ ಗತಿ.

ಆಯುಷ್ಯ ಹೆಚ್ಚಿದಂತೆ ಆದಾಯ ಕುಗ್ಗುತ್ತದೆ, ನಿಯಮ ಮಾತ್ರ ಅಲ್ಲಿಯೇ ನಿಂತಿರುತ್ತದೆ ಅಥವಾ ಏರುತ್ತದೆ. 2019ರ ಅಕ್ಟೋಬರ್ ಕೊನೆಯಿಂದ ಓ-ಎ ಎಂಬ ವರ್ಗದ ನಿವೃತ್ತಿ ವೀಸಾದವರಿಗೆ ಆರೋಗ್ಯ ವಿಮೆಯೂ ಕಡ್ಡಾಯವಾಯಿತು. ಒಳರೋಗಿಯಾದರೆ 4 ಲಕ್ಷ ಬಾತ್, ಹೊರರೋಗಿಯಾದರೆ 40,000 ಬಾತ್ ರಕ್ಷಣೆ ಇರಬೇಕೆಂದು ಆರಂಭವಾದದ್ದು ಆಮೇಲೆ 30 ಲಕ್ಷ ಬಾತ್‌ಗೆ ಏರಿತು. ಎಪ್ಪತ್ತೈದು ದಾಟಿದವನಿಗೆ ಯಾವ ಕಂಪನಿ ಯಾವ ದರಕ್ಕೆ ವಿಮೆ ಕೊಡುತ್ತದೆಂಬುದನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000 ಬಾತ್ ದಂಡ. 90 ದಿನ ಮೀರಿದರೆ ತಾನಾಗಿ ಬಂದು ಒಪ್ಪಿಕೊಂಡವನಿಗೂ ಒಂದು ವರ್ಷ ಪ್ರವೇಶ ನಿಷೇಧ, ಐದು ವರ್ಷ ಮೀರಿದವನಿಗೆ ಹತ್ತು ವರ್ಷ. ಎಂಬತ್ತರ ಮುದುಕನಿಗೆ ಹತ್ತು ವರ್ಷದ ನಿಷೇಧವೆಂದರೆ ಏನೆಂಬುದು ಕಾನೂನು ಬರೆದವರಿಗೂ ತಿಳಿದಿರುತ್ತದೆ.

ರಾಜ್ಯದ ಪಕ್ಷವನ್ನೂ ಕೇಳಬೇಕು. ಅನೇಕಾಂತವೆಂಬುದು ಪ್ರವಚನಕ್ಕೆ ಮೀಸಲಾದ ಮಾತಲ್ಲ. ದುಡಿಮೆಯ ವಯಸ್ಸನ್ನು ಬೇರೆಡೆ ಕಳೆದು, ತೆರಿಗೆಯನ್ನು ಬೇರೆಡೆ ಕೊಟ್ಟು, ರೋಗದ ವಯಸ್ಸಿನಲ್ಲಿ ಬಂದವನ ಭಾರವನ್ನು ಥಾಯ್ ರೈತ ಏಕೆ ಹೊರಬೇಕು? ವಿದೇಶೀಯರು ಸರ್ಕಾರಿ ಆಸ್ಪತ್ರೆಗಳಲ್ಲಿ ಕಟ್ಟದೆ ಬಿಟ್ಟ ಬಿಲ್ಲುಗಳೇ ವಿಮೆಯ ನಿಯಮಕ್ಕೆ ಮುಖ್ಯ ಕಾರಣವಾದವು. ಅತಿಥಿ ಹೊರೆಯಾಗಬಾರದೆಂದು ಮನೆಯವನು ಬಯಸುವುದರಲ್ಲಿ ತಪ್ಪಿಲ್ಲ. ನನ್ನ ತಕರಾರು ಇರುವುದು ಬೇರೆಡೆ. ಹೊರೆಯಾಗದಿರಲಿ ಎಂದು ಆರಂಭವಾದ ಮಿತಿ ಹಲವೆಡೆ ಸಿರಿವಂತರನ್ನೇ ಆರಿಸುವ ಜರಡಿಯಾಗಿ ಮಾರ್ಪಡುತ್ತಿದೆ.

ಮಲೇಷ್ಯಾ ಇದಕ್ಕೆ ಕಣ್ಣೆದುರಿನ ನಿದರ್ಶನ. ‘ಮಲೇಷ್ಯಾ ನನ್ನ ಎರಡನೆಯ ಮನೆ’ ಎಂಬ ಅರ್ಥದ ಹೆಸರಿನಲ್ಲಿ 2002ರಲ್ಲಿ ಆರಂಭವಾದ ಯೋಜನೆಗೆ ತಿಂಗಳಿಗೆ 10,000 ರಿಂಗಿಟ್ ಹೊರದೇಶದ ಆದಾಯ ಸಾಕಾಗಿತ್ತು. 2021ರ ಆಗಸ್ಟ್‌ನಲ್ಲಿ ಅದನ್ನು ಒಮ್ಮೆಲೇ 40,000 ರಿಂಗಿಟ್‌ಗೆ ಏರಿಸಿದರು. 10 ಲಕ್ಷ ರಿಂಗಿಟ್ ನಿಶ್ಚಿತ ಠೇವಣಿಯನ್ನೂ ಕೇಳಿದರು. ಈಗಾಗಲೇ ಮನೆ ಕೊಂಡು ನೆಲೆಸಿದ್ದವರೂ ಇದಕ್ಕೆ ಒಳಪಡಬೇಕೆಂದಾಗ ಎದ್ದ ವಿರೋಧದಲ್ಲಿ ಜೊಹೊರ್ ಪ್ರಾಂತ್ಯದ ಸುಲ್ತಾನರೂ ದನಿಗೂಡಿಸಿದರು. ಕಡೆಗೆ ಹಳಬರಿಗೆ ರಿಯಾಯಿತಿ ದೊರೆಯಿತು. ಈಗ ಅಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಶ್ರೇಣಿಗಳಿವೆ. ಠೇವಣಿ ಕ್ರಮವಾಗಿ ಒಂದೂವರೆ ಲಕ್ಷ, ಐದು ಲಕ್ಷ, ಹತ್ತು ಲಕ್ಷ ಡಾಲರ್. ಥಾಯ್ಲೆಂಡ್ ಕೂಡ 2022ರಲ್ಲಿ ಸಿರಿವಂತ ಪಿಂಚಣಿದಾರರಿಗೆಂದೇ ಹತ್ತು ವರ್ಷದ ವೀಸಾ ತಂದಿತು: ವರ್ಷಕ್ಕೆ 80,000 ಡಾಲರ್ ಆದಾಯ, ಅಥವಾ 40,000 ಡಾಲರ್ ಆದಾಯದ ಜೊತೆಗೆ ಆ ದೇಶದಲ್ಲಿ ಎರಡೂವರೆ ಲಕ್ಷ ಡಾಲರ್ ಹೂಡಿಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹದ ಅತಿಚಾರಗಳನ್ನು ಎಣಿಸುವಾಗ ವಿಸ್ಮಯವೆಂಬುದನ್ನೂ ಸೇರಿಸಿದ್ದಾರೆ. ಅನ್ಯರ ಸಂಪತ್ತನ್ನು ಕಂಡು ಬೆರಗಾಗಿ ಬಾಯಿಬಿಡುವುದೂ ವ್ರತಕ್ಕೆ ಕುಂದೇ! ಮೇಲಿನ ಪಟ್ಟಿಯನ್ನು ಓದುವಾಗ ಆ ಎಚ್ಚರವಿರಲಿ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಬ್ಯಾಂಕಿನಲ್ಲಿ ಕದಲದೆ ಕುಳಿತ ಆ 8 ಲಕ್ಷ ಬಾತ್ ಪರಿಗ್ರಹವೇ, ಅಲ್ಲವೇ? ಅನುಭವಿಸಲಾಗದ ಹಣ, ರಾಜ್ಯದ ಆಣತಿಯಂತೆ ಇಟ್ಟದ್ದು. ಇದು ಒತ್ತೆಯಿದ್ದಂತೆ, ನನ್ನ ಪರಿಮಾಣದಲ್ಲಿ ಇದನ್ನು ಸೇರಿಸಬೇಕಾಗಿಲ್ಲ ಎಂದು ವಾದಿಸುವವರು ಇರಬಹುದು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಗಾತ್ರದಿಂದ ಲಕ್ಷಣೀಕರಿಸಲಿಲ್ಲ, ಮೂರ್ಛೆಯಿಂದ ಲಕ್ಷಣೀಕರಿಸಿದರು. ನನ್ನದೆಂಬ ಮಮಕಾರ ಎಲ್ಲಿದೆಯೋ ಅಲ್ಲಿ ಪರಿಗ್ರಹ. ಈ ಅಳತೆಗೋಲಿನಿಂದ ನೋಡಿದರೆ ಖರ್ಚಾಗದ ಹಣವೇ ಹೆಚ್ಚು ಅಪಾಯಕಾರಿ. ಖರ್ಚಾಗುವ ಹಣ ಬಂದು ಹೋಗುತ್ತದೆ, ಮನಸ್ಸು ಅದರೊಡನೆ ಸ್ವಲ್ಪ ಸಡಿಲವಾಗುತ್ತದೆ. ಕದಲದ ಹಣವನ್ನು ಮನಸ್ಸು ಕಾಯುತ್ತಾ ಕೂರುತ್ತದೆ. ಬೆಳಗ್ಗೆ ಎದ್ದು ವಿನಿಮಯ ದರ ನೋಡುವುದು, ಬ್ಯಾಂಕಿನ ಪುಸ್ತಕವನ್ನು ತಿರುವುವುದು, ನಿಯಮ ಬದಲಾಯಿತೇ ಎಂದು ನೆರೆಯವರನ್ನು ವಿಚಾರಿಸುವುದು, ಇವೆಲ್ಲ ಅಲ್ಲಿಯ ವೃದ್ಧರ ನಿತ್ಯಕರ್ಮ. ಆದುದರಿಂದ ಪರಿಮಾಣ ವ್ರತವನ್ನು ಹಿಡಿದ ಶ್ರಾವಕನು ಇಂಥ ಠೇವಣಿಯನ್ನು ತನ್ನ ಮಿತಿಯ ಒಳಗೇ ಎಣಿಸಬೇಕು. ಮಿತಿ ಸಾಲದಿದ್ದರೆ ಬೇರೆಡೆ ಇರುವುದನ್ನು ಕಡಿಮೆ ಮಾಡಬೇಕು, ಮಿತಿಯನ್ನೇ ಹಿಗ್ಗಿಸಬಾರದು.

ನಿವೃತ್ತಿ ಎಂಬ ಪದವನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಸೇವೆ, ಕೃಷಿ, ವಾಣಿಜ್ಯ ಮುಂತಾದ ಹಿಂಸೆಗೆ ಕಾರಣವಾದ ಉದ್ಯೋಗಗಳನ್ನು ಬಿಡುವುದು. ಒಂಬತ್ತನೆಯದು ಪರಿಗ್ರಹತ್ಯಾಗ, ಕೂಡಿಟ್ಟುದರಲ್ಲಿನ ಮಮತೆಯನ್ನು ತೊರೆದು ಸಂತುಷ್ಟನಾಗುವುದು. ಹತ್ತನೆಯದು ಅನುಮತಿತ್ಯಾಗ, ಮನೆಯ ವ್ಯವಹಾರಗಳಿಗೆ ತನ್ನ ಒಪ್ಪಿಗೆಯನ್ನೂ ಕೊಡದೆ ದೂರವಿರುವುದು. ಈ ಮೆಟ್ಟಿಲುಗಳ ಕ್ರಮ ಎಷ್ಟು ವಿವೇಕದಿಂದ ಕೂಡಿದೆ! ಮೊದಲು ಗಳಿಸುವುದನ್ನು ನಿಲ್ಲಿಸು, ಆಮೇಲೆ ಗಳಿಸಿದ್ದನ್ನು ಬಿಡು, ಕೊನೆಗೆ ಅದರ ಆಡಳಿತವನ್ನೂ ಬಿಡು. ನಿವೃತ್ತಿ ವೀಸಾ ಎಂಟನೆಯ ಮೆಟ್ಟಿಲನ್ನು ಕಾನೂನಿನ ಬಲದಿಂದಲೇ ಹತ್ತಿಸುತ್ತದೆ. ದುಡಿಯಕೂಡದು ಎಂಬುದೇ ಅದರ ಕರಾರು. ಆದರೆ ಒಂಬತ್ತನೆಯ ಮೆಟ್ಟಿಲಿಗೆ ಅದು ಬಾಗಿಲು ಹಾಕುತ್ತದೆ. ಹಣದ ಹಂಗು ತೊರೆದ ದಿನ ನೀನು ಇಲ್ಲಿರಲಾರೆ. ಗಳಿಸುವುದು ನಿಂತಿದೆ, ಕಾಯುವುದು ಮಾತ್ರ ಉಳಿದಿದೆ. ಲೌಕಿಕರು ಇದನ್ನು ವಿಶ್ರಾಂತಿ ಎನ್ನುತ್ತಾರೆ. ಶಾಸ್ತ್ರದ ಪರಿಭಾಷೆಯಲ್ಲಿ ಇದಕ್ಕೆ ಹೆಸರು ಹುಡುಕಿದರೆ ಬಹುಶಃ ಪರಿಗ್ರಹ ಸಂರಕ್ಷಣವೆನ್ನಬೇಕಾದೀತು. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ವಿಷಯ ಸಂರಕ್ಷಣವೂ ಒಂದೆಂಬುದನ್ನು ಬಲ್ಲವರು ಬಲ್ಲರು.

ದಿಗ್ವ್ರತದ ಮಾತೂ ಇಲ್ಲಿ ಬರುತ್ತದೆ. ಸಮುದ್ರ, ನದಿ, ಕಾಡು, ಬೆಟ್ಟ, ದೇಶ, ಯೋಜನಗಳನ್ನು ಗಡಿಯಾಗಿ ಇಟ್ಟುಕೊಂಡು ಬದುಕಿರುವವರೆಗೂ ಅದರಾಚೆ ಹೋಗಲಾರೆನೆಂದು ಸಂಕಲ್ಪಿಸುವುದು ಈ ವ್ರತ. ಮಿತಿಯನ್ನು ಇನ್ನೂ ಇಡದವರು ವಿದೇಶದ ವಿಚಾರ ಮಾಡಬಹುದು. ಇಟ್ಟವರು ವೀಸಾಕ್ಕಾಗಿ ಗಡಿಯನ್ನು ವಿಸ್ತರಿಸಿದರೆ ಅದು ಕ್ಷೇತ್ರವೃದ್ಧಿ ಎಂಬ ಅತಿಚಾರ. ಬ್ಯಾಂಕಾಕಿನಲ್ಲಿ ರತ್ನವ್ಯಾಪಾರದ ಜೈನ ಕುಟುಂಬಗಳಿವೆ, ಆಹಾರಕ್ಕೆ ತೀರಾ ಪರದಾಡಬೇಕಾಗಿಲ್ಲ. ಥಾಯ್ ಅಡುಗೆಯಲ್ಲಿ ಮೀನಿನ ರಸವಿಲ್ಲದ ಪದಾರ್ಥ ಅಪರೂಪವಾದರೂ, ‘ಜೇ’ ಎಂದು ಬರೆದ ಹಳದಿ ಪತಾಕೆಯ ಅಂಗಡಿಗಳಲ್ಲಿ ಮಾಂಸ, ಮೊಟ್ಟೆಯಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ನಮ್ಮ ಊರಿನ ಹೋಟೆಲುಗಳಲ್ಲಿಯೇ ಕಾಣದ ಸಂಯಮ ಅದು.

ಕನ್ನಡಿಗರಿಗೆ ಈ ಪ್ರಶ್ನೆ ನೇರವಾಗಿ ತಾಗುವುದು ಥಾಯ್ಲೆಂಡಿಗಿಂತ ಹೆಚ್ಚಾಗಿ ಕೊಲ್ಲಿಯಲ್ಲಿ. ಕರಾವಳಿಯಿಂದ ಹೋಗಿ ದುಬೈ, ಅಬುಧಾಬಿಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು ಅನೇಕರಿದ್ದಾರೆ. ಕೆಲಸ ಮುಗಿದೊಡನೆ ಅವರ ವಾಸದ ಹಕ್ಕೂ ಮುಗಿಯುತ್ತದೆ. ಅಲ್ಲಿ ಈಗ 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಇದೆ: 10 ಲಕ್ಷ ದಿರ್ಹಾಮ್ ಬೆಲೆಯ ಆಸ್ತಿ, ಅಥವಾ ಅಷ್ಟೇ ಉಳಿತಾಯ, ಅಥವಾ ತಿಂಗಳಿಗೆ 20,000 ದಿರ್ಹಾಮ್ ಆದಾಯ, ದುಬೈಯಲ್ಲಿ ಆದಾಯದ ಮಿತಿ 15,000. ಭಾರತದಿಂದ ಹಣ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮೇಲ್ಮಿತಿ ಇದೆ. ಮೊತ್ತ ದೊಡ್ಡದಾದರೆ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಸಂಗ್ರಹಿಸುತ್ತದೆ. ಅದನ್ನು ವಾರ್ಷಿಕ ತೆರಿಗೆ ವಿವರದಲ್ಲಿ ಹೊಂದಿಸಿಕೊಳ್ಳಬಹುದು. ಊರಿನ ತೋಟವನ್ನೋ ಮನೆಯನ್ನೋ ಮಾರಿ ಆ 10 ಲಕ್ಷ ದಿರ್ಹಾಮ್ ಹೊಂದಿಸಲು ಹೊರಟವರು ಮೊದಲು ಮನೆಯವರೆಲ್ಲರ ಎದುರು ಲೆಕ್ಕವನ್ನು ಬಿಚ್ಚಿಡಲಿ. ಮಕ್ಕಳ ಹೆಸರಿನ ಹಣವನ್ನು ತಾತ್ಕಾಲಿಕವಾಗಿ ತನ್ನ ಖಾತೆಗೆ ಹಾಕಿಸಿಕೊಂಡು ಪತ್ರ ಪಡೆಯುವ ಯೋಚನೆ ಬಂದರೆ, ಮೇಲೆ ಹೇಳಿದ ಎರಡು ಅತಿಚಾರಗಳು ಅದಕ್ಕೂ ಅನ್ವಯಿಸುತ್ತವೆ. ಮಕ್ಕಳು ದಾನವಾಗಿ ಕೊಟ್ಟು, ಮರಳಿ ಕೇಳುವುದಿಲ್ಲವೆಂದು ಒಪ್ಪಿ, ಕಾಗದದಲ್ಲಿಯೂ ಹಾಗೆಯೇ ಬರೆದಿದ್ದರೆ ಅದು ಬೇರೆ ಮಾತು.

ಗಂಡ ಹೆಂಡಿರು ಒಟ್ಟಿಗೆ ಹೋಗುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಥಾಯ್ಲೆಂಡಿನಲ್ಲಿ ಒಬ್ಬರ ವಾಸದ ಅನುಮತಿಯನ್ನು ಆಶ್ರಯಿಸಿ ಸಂಗಾತಿ ಉಳಿದಿರಬಹುದು. ಖಾತೆದಾರ ತೀರಿಕೊಂಡರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ನ್ಯಾಯಾಲಯದ ಆಜ್ಞೆ ಬರುವವರೆಗೂ ಅದು ಬಿಡುಗಡೆಯಾಗದು. ಅವನನ್ನು ಆಶ್ರಯಿಸಿದ ವೀಸಾವೂ ಆಧಾರ ಕಳೆದುಕೊಳ್ಳುತ್ತದೆ. ಪರದೇಶದಲ್ಲಿ, ಭಾಷೆಯರಿಯದ ವೃದ್ಧೆಯೊಬ್ಬಳು ಒಂದೇ ವಾರದಲ್ಲಿ ಪತಿಯನ್ನೂ ಹಣವನ್ನೂ ಇರುವ ಹಕ್ಕನ್ನೂ ಕಳೆದುಕೊಳ್ಳುವ ಪರಿಸ್ಥಿತಿ ಇದು. ಆ ದೇಶದ ಕಾನೂನಿಗೆ ಒಪ್ಪುವ ಉಯಿಲನ್ನು ಮೊದಲೇ ಬರೆದಿಡುವುದು, ಸಂಗಾತಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ಊರಿಗೆ ಮರಳುವಷ್ಟಾದರೂ ಹಣವನ್ನು ಬೇರೆಯಾಗಿ ಇಡುವುದು, ಆ ಖಾತೆಯ ಪುಸ್ತಕ ಎಲ್ಲಿದೆಯೆಂದು ಆಕೆಗೆ ತೋರಿಸಿಕೊಟ್ಟಿರುವುದು, ಇವಿಷ್ಟನ್ನು ಅರ್ಜಿ ಹಾಕುವ ಮೊದಲೇ ಮಾಡಬೇಕು. ಆ ಬೇರೆ ಹಣವೂ ಪರಿಮಾಣದ ಲೆಕ್ಕದ ಒಳಗೇ ಬರುತ್ತದೆ, ಆದರೆ ಆಕೆಯ ಪರಿಮಾಣದ ಲೆಕ್ಕದಲ್ಲಿ.